ಮಡಿಕೆ ಕೆಡದ ಕರ್ಚೀಫು

ನೆರೂಳಿನ ಕ್ಲಿನಿಕ್ಕಿನಲ್ಲಿ ನನ್ನನ್ನು ಒಳಗೆ ಕರೆದಾಗ ಅಮ್ಮ ಇಸ್ತ್ರಿ ಮಾಡಿದ ಕರ್ಚೀಫೊಂದನ್ನು ನನ್ನ ಕೈಗೆ ತುರುಕಿದಳು. "ಹಲ್ಲಲ್ಲಿ ಕಚ್ಚಿ ಹಿಡ್ಕೊ. ಕೂಗಿದ್ರೆ ಹೊರಗೆ ಕೂತವರಿಗೆಲ್ಲ ಕೇಳ್ತದೆ."

ಗರ್ಭಕೋಶದ ಒಳಪದರದಿಂದ ಒಂದು ಚೂರನ್ನು ಪರೀಕ್ಷೆಗೆ ತೆಗೆಯಬೇಕಿತ್ತು. ಹಲವು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ ಅಮ್ಮನಿಗೂ ಇದೇ ಪರೀಕ್ಷೆ ಆಗಿತ್ತು. ಅವಳಿಗೆ ಮರಾಠಿ ಅಷ್ಟಕ್ಕಷ್ಟೆ. ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸಲು ಜೊತೆಗೆ ಹೋದವಳು ನಾನು. "ಎರಡು ನಿಮಿಷ ತಡ್ಕೊಬೇಕಂತೆ" ಎಂದಿದ್ದೆ. ಆ ಎರಡು ನಿಮಿಷ ಯಾರ ಗಡಿಯಾರದ್ದೋ. ಅಮ್ಮ ಹೊರಬಂದಾಗ ಅವಳು ಕಚ್ಚಿ ಹಿಡಿದಿದ್ದ ಸೆರಗಿನ ತುದಿ ಒದ್ದೆಯಾಗಿತ್ತು.

ನನಗೆ ಮೊದಲು ಒಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಚುಚ್ಚಿದ್ದು ಗೊತ್ತಾಯಿತು, ಆಮೇಲೆ ಮುಟ್ಟಿನ ನೋವಿನಷ್ಟು ಹಿಂಡಿತು, ಅಷ್ಟೇ. ಇದು ಹೊಸದಾಗಿ ಬಂದದ್ದಾ, ಅಮ್ಮನಿಗೆ ಮಾಡಿದ ಕಾಲದಲ್ಲಿ ಇರಲಿಲ್ಲವಾ ಎಂದು ಕೇಳಿದೆ. ತುಂಬ ಹಳೆಯದು, ಕೇಳಿದವರಿಗೆ ಆಗಲೂ ಕೊಡುತ್ತಿದ್ದರು ಎಂದರು ಡಾಕ್ಟರು. ಅಮ್ಮನ ಪರವಾಗಿ ಕೇಳಬೇಕಾಗಿದ್ದವಳು ನಾನೇ ಅಲ್ಲವೇ?

ಹೊರಬಂದಾಗ ಅಮ್ಮ ಮೊದಲು ನೋಡಿದ್ದು ಕರ್ಚೀಫನ್ನು. ಅದರ ಮಡಿಕೆ ಹಾಗೇ ಇತ್ತು. ಇಂಜೆಕ್ಷನ್ನಿನ ವಿಷಯ ಹೇಳಿದೆ. ರಿಕ್ಷಾ ರೈಲ್ವೆ ಸ್ಟೇಷನ್ ಮುಟ್ಟಿ ಇಳಿಯುವಾಗ ಅವಳು ಕೇಳಿದಳು: "ಅದು ನನಗೆ ಮಾಡುವಾಗಲೂ ಇತ್ತಾ?"

"ಇರ್ಲಿಲ್ಲಮ್ಮ" ಎಂದೆ.

"ಹಾಗಾದ್ರೆ ಪರವಾಗಿಲ್ಲ" ಎಂದು ಅಮ್ಮ ನನ್ನ ಕೈ ಹಿಡಿದು, ನನಗೆ ನೋವಾಗಬಾರದೆಂದು ನಿಧಾನವಾಗಿ ಮೆಟ್ಟಿಲು ಹತ್ತಿಸಿದಳು.