ರಿಲೀವರ್ ಬರುವವರೆಗೆ

ಕಳೆದ ಭಾನುವಾರ ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದವನಿಗೆ ಇದ್ದಕ್ಕಿದ್ದಂತೆ ಕರ್ಪೂರದ ವಾಸನೆ ಬಂತು. ಮನೆಯಲ್ಲಿ ಪೂಜೆ ಮುಗಿದು ಗಂಟೆಯಾಗಿತ್ತು. ವಾಸನೆಯ ಜೊತೆಗೆ ಕಾಯಿಸಿದ ಕೊಬ್ಬರಿ ಎಣ್ಣೆಯದೂ ಸೇರಿದಂತಿತ್ತು. ಎದ್ದು ಹೋಗಿ ನೋಡಿದರೆ ಅಕ್ಕನ ಮಗಳು ಚಿತ್ರಾ ನಮ್ಮ ದುರ್ಗಿಗುಡಿ ಮನೆಯ ಮೆಟ್ಟಿಲ ಮೇಲೆ ಕೂತು ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಒಂದೇ ಕೈಯಲ್ಲಿ ಎತ್ತಬಹುದಾದ ಅವಳ ಸೈಕಲ್ಲು. ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಹುಡುಗಿ ಭಾನುವಾರ ಮನೆಯಲ್ಲಿ ಮಲಗುವುದು ಬಿಟ್ಟು ಭದ್ರಾವತಿಗೆ ಸೈಕಲ್ ಹೊಡೆದು ಬಂದಿದ್ದಳು.

“ಮುಂದಿನ ಭಾನುವಾರ ರೇಸ್ ಮಾಮ, ಗಾಜನೂರಿನ ಕಡೆ. ಈಜು, ಸೈಕಲ್ಲು, ಓಟ, ಮೂರೂ ಒಟ್ಟಿಗೆ. ನಿನ್ನಿಂದ ಒಂದು ಕೆಲಸ ಆಗ್ಬೇಕು,” ಎಂದಳು.

“ಹೇಳು,” ಎಂದೆ. ಆದರೆ ಅವಳು ಹೇಳಿದ್ದು ಸರಿಯಾಗಿ ಕಿವಿಗೆ ಬೀಳಲಿಲ್ಲ. ಆ ಎಣ್ಣೆಯ ವಾಸನೆ ನನ್ನನ್ನು ಎಲ್ಲೋ ಎಳೆದುಕೊಂಡು ಹೋಗಿತ್ತು. ಅವಳ ಕೆಲಸ ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ನೀವು ಅವಳ ಅಪ್ಪನನ್ನು ನೋಡಬೇಕು.

ಅವಳ ಅಪ್ಪ ಮಂಜಪ್ಪ, ಅಂದರೆ ನನ್ನ ಭಾವ, ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದೊಡ್ಡ ಮೆಷಿನ್ನಿನ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಅವರಿಗೊಂದು ಹರ್ನಿಯಾ ಆಪರೇಷನ್ ಆಯಿತು. ಕಾರ್ಖಾನೆಯ ಡಾಕ್ಟರು ಫೈಲಿನಲ್ಲಿ ‘ಲೈಟ್ ಡ್ಯೂಟಿ’ ಎಂದು ಬರೆದರು. ಆ ಎರಡು ಶಬ್ದದಿಂದ ಭಾವ ಮೆಷಿನ್ ಬಿಟ್ಟು ಸ್ಟೋರಿಗೆ ಹೋಗಿ ಕೂರಬೇಕಾಯಿತು. ಅಲ್ಲಿ ಕೆಲಸವೆಂದರೆ ಕೇಳಿದವರಿಗೆ ಕೈಗವಸು, ಮೆಷಿನ್ ಒರೆಸುವ ಹತ್ತಿ ಕೊಡುವುದು. ಬೇರೆಯವರಾದರೆ ಫ್ಯಾನಿನ ಕೆಳಗೆ ಆರಾಮಾಗಿ ಕೂರುತ್ತಿದ್ದರು. ಭಾವ ಮಾತ್ರ ಸ್ಟೂಲಿನ ಮೇಲೆ ಕೂತರೆ ತಾನು ಸತ್ತೇ ಹೋದೆನೇನೋ ಅನ್ನುವ ಹಾಗೆ ಆಡುತ್ತಿದ್ದರು. ವರ್ಷ ಕಳೆದರೂ, ಮತ್ತೆ ಮೆಷಿನ್ನಿಗೆ ಹಾಕಿ ಎಂದು ಡಾಕ್ಟರ ಬಾಗಿಲು ಬಡಿಯುವುದು ಬಿಡಲಿಲ್ಲ.

ಅದೇ ಹೊತ್ತಿಗೆ ಕಾರ್ಖಾನೆಯ ಕ್ಲಬ್ಬಿನ ಬೋರ್ಡಿನ ಮೇಲೆ ಒಂದು ಕಾಗದ ಬಿತ್ತು. ವಿದೇಶಕ್ಕೆ ಟ್ರೈನಿಂಗಿಗೆ ಹೋಗಿ ಬಂದ ಎಂಜಿನಿಯರೊಬ್ಬರಿಗೆ ಅಲ್ಲಿ ನೋಡಿದ ಸ್ಪರ್ಧೆಯನ್ನು ಇಲ್ಲೂ ಮಾಡುವ ಹುಮ್ಮಸ್ಸು. ಶಿವಮೊಗ್ಗದಲ್ಲಿ ತುಂಗಾ ಹೊಳೆಯಲ್ಲಿ ಈಜು. ಅಲ್ಲಿಂದ ಸೈಕಲ್ಲಿನಲ್ಲಿ ಭದ್ರಾವತಿಗೆ ಹೋಗಿ, ಶಿವಮೊಗ್ಗಕ್ಕೆ ವಾಪಸ್ಸು ಬಂದು, ಮತ್ತೆ ಭದ್ರಾವತಿಗೆ ಹೋಗುವುದು. ಅಲ್ಲಿ ಓಲ್ಡ್ ಟೌನಿನ ಸ್ಕೂಲ್ ಮೈದಾನದಲ್ಲಿ ಸೈಕಲ್ ಬಿಟ್ಟು ನಾಲೆ ಏರಿಯ ಮೇಲೆ ಹದಿನೈದು ಕಿಲೋಮೀಟರ್ ಓಡಿ ಬರುವುದು. ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿದವರಿಗೆ ಸರ್ಟಿಫಿಕೇಟು. ಭಾವ ಆ ಕಾಗದವನ್ನು ಹಿಡಿದು ಸೀದಾ ಡಾಕ್ಟರ ಹತ್ತಿರ ಹೋದರು. ಡಾಕ್ಟರು ನಕ್ಕು, “ಇದನ್ನ ಹೊತ್ತಿನೊಳಗೆ ಮುಗಿಸಿ ಸರ್ಟಿಫಿಕೇಟ್ ತನ್ನಿ ಮಂಜಪ್ಪ, ಆಮೇಲೆ ನಿಮ್ಮ ಫೈಲ್ ತೆಗೀತೀನಿ,” ಎಂದರಂತೆ. ಅವರು ಸಾಗಹಾಕಲು ಹೇಳಿದರೋ ನಿಜವಾಗಿಯೇ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಭಾವ ನಿಜವೆಂದೇ ತೆಗೆದುಕೊಂಡರು.

ಆಮೇಲೆ ಅವರು ಬಂದದ್ದು ನನ್ನ ಹತ್ತಿರ. ನಾನಾಗ ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನನಗೆ ಬೇರೆ ಯಾವ ವಿದ್ಯೆ ಬಾರದಿದ್ದರೂ ಒಂದು ವಿದ್ಯೆಯಲ್ಲಿ ಹೆಸರಿತ್ತು. ಸಾಹೇಬರುಗಳ ಪ್ರವಾಸದ ಪ್ರೋಗ್ರಾಂ ಹಾಕುವುದು. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಆಗಮನ, ಇಷ್ಟಕ್ಕೆ ಮಾಲಾರ್ಪಣೆ, ಇಷ್ಟಕ್ಕೆ ಉಪಾಹಾರ, ಇಷ್ಟಕ್ಕೆ ನಿರ್ಗಮನ. ಗೆರೆ ಹೊಡೆದು, ಕಾರ್ಬನ್ ಇಟ್ಟು, ಐದು ಪ್ರತಿ ಟೈಪ್ ಮಾಡಿಸಿದರೆ ನೋಡುವುದಕ್ಕೇ ಚೆಂದ.

“ಸಾಹೇಬ್ರಿಗೆಲ್ಲ ಹಾಕ್ತೀಯ, ನಂಗೂ ಒಂದು ಹಾಕ್ಕೊಡು ಮಾರಾಯ. ರೇಸಿನ ವಾರದ್ದು, ರೇಸಿನ ದಿನದ್ದು,” ಎಂದರು ಭಾವ. ಜೊತೆಗೆ ರೇಸಿಗೆ ತಯಾರಾಗುವುದು ಹೇಗೆಂದು ಎಂಜಿನಿಯರು ಹಂಚಿದ್ದ ನಾಲ್ಕು ಪುಟದ ಇಂಗ್ಲಿಷ್ ಜೆರಾಕ್ಸ್ ಕೊಟ್ಟರು. ಅದರಲ್ಲಿ ಮೂರನೇ ಪುಟ ಪೂರ್ತಿ ಕಪ್ಪು. ಯಾರ ಹೆಬ್ಬೆರಳೋ ಏನೋ ಅಡ್ಡ ಬಂದಿತ್ತು.

ಆ ನಾಲ್ಕು ಪುಟ, ನಿಜವಾಗಿ ಮೂರು ಪುಟ, ನಮ್ಮ ಎರಡು ಮನೆಗಳನ್ನು ಗಲಿಬಿಲಿ ಮಾಡಿದ್ದು ಅಷ್ಟಿಷ್ಟಲ್ಲ. ಕೊನೆಯ ವಾರ ಅಭ್ಯಾಸ ಕಡಿಮೆ ಮಾಡಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅದರಲ್ಲಿತ್ತು. ಮೂರು ತಿಂಗಳು ನಾಲೆಯಲ್ಲಿ ಈಜಿ, ಏರಿಯ ಮೇಲೆ ಓಡಿ ಮೈ ಕರಗಿಸಿದ್ದ ಮನುಷ್ಯ, ರೇಸು ಹತ್ತಿರ ಬಂದಾಗ ಮಲಗಬೇಕು ಎಂದರೆ ಅರ್ಥವೇನು? ನನಗೂ ತಿಳಿಯಲಿಲ್ಲ. ಆದರೂ ಸೋಮವಾರದ ಕಾಲಮ್ಮಿನಲ್ಲಿ ‘ವಿಶ್ರಾಂತಿ’ ಎಂದು ಬರೆದೆ, ಮಂಗಳವಾರ ‘ಲಘು ಈಜು, ವಿಶ್ರಾಂತಿ’. ಭಾವ ಡ್ಯೂಟಿಯಿಂದ ಬಂದು ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದರು. “ರೀ, ಹೆದ್ರಿಕೊಂಡು ಬಿಟ್ಟಿದೀರೋ ಹೆಂಗೆ?” ಎಂದು ಅಕ್ಕ ಕೇಳಿದರೆ, “ಪ್ರೋಗ್ರಾಂನಲ್ಲಿ ಇದೆ ಕಣೇ,” ಎಂದು ಗೋಡೆಯ ಕಡೆ ಬೆರಳು ತೋರಿಸುತ್ತಿದ್ದರು. ನನ್ನ ಚಾರ್ಟನ್ನು ಅಲ್ಲಿ ಗೋಂದು ಹಚ್ಚಿ ಅಂಟಿಸಿದ್ದರು.

ಕೊನೆಯ ಮೂರು ದಿನ ಪಿಷ್ಟ ಪದಾರ್ಥ ಹೆಚ್ಚು ತಿನ್ನಿ ಎಂದೂ ಇತ್ತು. ಮುದ್ದೆಯೋ ಅನ್ನವೋ ಎಂಬುದರ ಮೇಲೆ ಎರಡು ದಿನ ವಾದವಾಯಿತು. ಕೊನೆಗೆ ಅಕ್ಕ ಎರಡನ್ನೂ ಮಾಡಿ ಬಡಿಸಿದಳು. ಭಾವ ಎರಡನ್ನೂ ತಿಂದರು. ಶುಕ್ರವಾರ ಹೊಟ್ಟೆ ಉಬ್ಬರಿಸಿ ಓಮದ ಕಷಾಯ ಕುಡಿದರು. ರೇಸಿನ ದಿನ ಹೊಸದೇನನ್ನೂ ಬಳಸಬೇಡಿ ಎಂಬ ಇನ್ನೊಂದು ಸಾಲಿನಿಂದ ಅಕ್ಕ ಪ್ರೀತಿಯಿಂದ ತಂದಿದ್ದ ಹೊಸ ಬನಿಯನ್ನು ಪೆಟ್ಟಿಗೆ ಸೇರಿತು. ತೋಳ ಸಂದಿಯಲ್ಲಿ ಹರಿದ ಹಳೆಯದೇ ಗತಿಯಾಯಿತು. ಕಪ್ಪಾಗಿದ್ದ ಪುಟದಲ್ಲಿ ಏನಿತ್ತೋ ಎಂಬ ಚಿಂತೆಯಂತೂ ಕೊನೆಯವರೆಗೂ ಇದ್ದೇ ಇತ್ತು.

ರೇಸಿನ ದಿನದ ಚಾರ್ಟು ನೋಡಿ ಭಾವ ಒಂದೇ ತಕರಾರು ತೆಗೆದರು. “ಮೈದಾನದಲ್ಲಿ ಸೈಕಲ್ ಬಿಡ್ತೀನಲ್ಲ, ಚಾರ್ಜ್ ಯಾರು ತಗೋತಾರೆ? ಹೆಸರು ಬರಿ. ಸೈನಿಗೆ ಜಾಗ ಬಿಡು.”

ಇದರ ಹಿಂದೊಂದು ಕಥೆಯಿದೆ. ಅವರ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದು ಸೈರನ್ ಆದ ಕೂಡಲೇ ಮೆಷಿನ್ನಿನವನು ಹೊರಡುವಂತಿಲ್ಲ. ಮುಂದಿನ ಶಿಫ್ಟಿನ ಆಳು, ಅವರ ಭಾಷೆಯಲ್ಲಿ ರಿಲೀವರ್, ಬಂದು ಮೆಷಿನ್ ಮುಟ್ಟಿ ರಿಜಿಸ್ಟರಿನಲ್ಲಿ ಸೈನ್ ಹಾಕಬೇಕು. ಅವನು ಬಾರದಿದ್ದರೆ ಇವನೇ ಮುಂದುವರಿಯಬೇಕು. ಚಿತ್ರಾ ಹುಟ್ಟಿದ ದಿನ ರಿಲೀವರ್ ಬರಲಿಲ್ಲವೆಂದು ಭಾವ ಇನ್ನೊಂದು ಶಿಫ್ಟ್ ಪೂರ್ತಿ ನಿಂತು ಮಗುವನ್ನು ನೋಡಲು ಮಾರನೇ ದಿನ ಬಂದರು. ಅಕ್ಕ ಅದನ್ನು ಈಗಲೂ ಹೇಳಿ ಹಂಗಿಸುತ್ತಾಳೆ. ನಾನು ನಗುತ್ತಾ ‘ಸೈಕಲ್ ಹಸ್ತಾಂತರ, ಓಲ್ಡ್ ಟೌನ್ ಮೈದಾನ, 10.15’ ಎಂದು ಬರೆದು ಎದುರಿಗೆ ನನ್ನ ಹೆಸರು ಹಾಕಿದೆ.

ಹತ್ತೂ ಕಾಲು ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಭಾವ ಕೇಳಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ಗುಟ್ಟಿದೆ. ಸಾಹೇಬರು ಹೇಳಿದ ಹೊತ್ತಿಗೆ ಬರುವುದಿಲ್ಲ. ಆದ್ದರಿಂದ ಪ್ರತಿ ಕಾಲಮ್ಮಿನಲ್ಲೂ ಮುಕ್ಕಾಲು ಗಂಟೆ ಸೇರಿಸಿಕೊಂಡೇ ಬರೆಯುವುದು. ನನ್ನ ಇಡೀ ಸರ್ವೀಸಿನಲ್ಲಿ ಮುಂಚೆ ಬಂದ ಸಾಹೇಬರನ್ನು ಕಂಡವನಲ್ಲ. ಭಾವ ಏಳಕ್ಕೆ ಸೈಕಲ್ ಹತ್ತಿದರೆ ಎರಡೂವರೆ ಗಂಟೆಯಲ್ಲಿ ಬರುತ್ತೇನೆ ಎಂದಿದ್ದರು. ಆಪರೇಷನ್ ಆದ ಮೈ, ನಲವತ್ತು ದಾಟಿದ ವಯಸ್ಸು ಎಂದುಕೊಂಡು ಕೈ ತಾನಾಗಿಯೇ ಮುಕ್ಕಾಲು ಗಂಟೆ ಸೇರಿಸಿಬಿಟ್ಟಿತು.

ಆ ಭಾನುವಾರ ಬೆಳಿಗ್ಗೆ ಆರಕ್ಕೆ ತುಂಗೆಯ ದಡದಲ್ಲಿ ಭಾವನ ಮೈಯಿಂದ ಈ ಕರ್ಪೂರದ ಎಣ್ಣೆಯ ವಾಸನೆಯೇ ಬರುತ್ತಿತ್ತು. ಈಜಿ ಎದ್ದು, ತಮ್ಮ ಭಾರದ ಕಪ್ಪು ಸೈಕಲ್ ಹತ್ತಿ ಹೋದದ್ದನ್ನು ನೋಡಿ ನಾನು ಬಸ್ ಹಿಡಿದು ಓಲ್ಡ್ ಟೌನಿಗೆ ಬಂದೆ. ಮೈದಾನ ತಲುಪಿದಾಗ ಒಂಬತ್ತು. ರೇಸಿನ ಕಮಾನಿಗೆ ಬೊಂಬು ಕಟ್ಟುವವರು ಇನ್ನೂ ಕಟ್ಟುತ್ತಲೇ ಇದ್ದರು. ಜೇಬಿನಿಂದ ಚಾರ್ಟು ತೆಗೆದು ನೋಡಿಕೊಂಡೆ. ಹತ್ತೂ ಕಾಲು. ಬೇಕಾದಷ್ಟು ಹೊತ್ತಿತ್ತು. ರಸ್ತೆಯಾಚೆಯ ಹೋಟೆಲಿನಿಂದ ತುಪ್ಪದ ದೋಸೆಯ ವಾಸನೆ ಬಂತು.

ಭಾನುವಾರದ ಹೋಟೆಲು ನಿಮಗೂ ಗೊತ್ತು. ಜಾಗ ಸಿಗಲು ಇಪ್ಪತ್ತು ನಿಮಿಷ, ದೋಸೆ ಬರಲು ಇಪ್ಪತ್ತು ನಿಮಿಷ. ಒಂದು ತಿಂದೆ. ಚಟ್ನಿ ಚೆನ್ನಾಗಿತ್ತೆಂದು ಇನ್ನೊಂದು ಹೇಳಿದೆ. ಮೇಲೆ ಕಾಫಿ. ಹತ್ತು ಗಂಟೆ ಐದು ನಿಮಿಷಕ್ಕೆ, ಹತ್ತು ನಿಮಿಷ ಮುಂಚೆಯೇ ಬಂದ ಹೆಮ್ಮೆಯಲ್ಲಿ, ಮೈದಾನದೊಳಗೆ ಕಾಲಿಟ್ಟೆ.

ಭಾವ ಬಿಸಿಲಿನಲ್ಲಿ ನಿಂತಿದ್ದರು. ಎರಡೂ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು, ನೆಟ್ಟಗೆ. ಮೈ ಮೇಲಿನ ಬೆವರು ಒಣಗಿ ಬಿಳಿ ಗೆರೆಯಾಗಿತ್ತು. ಅವರ ಪಕ್ಕದ ಕ್ವಾರ್ಟರ್ಸಿನ ಪಳನಿ, ಅಲ್ಲಿ ನೀರು ಕೊಡುವ ಕೆಲಸಕ್ಕೆ ನಿಂತಿದ್ದವನು, ನನ್ನನ್ನು ನೋಡಿ ಓಡಿ ಬಂದ.

“ಅಯ್ಯಯ್ಯೋ, ಎಲ್ಲಿ ಹೋಗ್ಬಿಟ್ರಿ ಸಾರ್? ಒಂಬತ್ತೂವರೆಗೇ ಬಂದ್ರು, ಅರ್ಧ ಗಂಟೆಯಿಂದ ಹಿಂಗೇ ನಿಂತವ್ರೆ. ನಾನು ಹಿಡ್ಕೋತೀನಿ ಕೊಡಣ್ಣ ಅಂದ್ರೆ, ಚಾರ್ಟಲ್ಲಿ ನಿನ್ ಹೆಸ್ರಿಲ್ಲ ಪಳನಿ ಅಂತಾರೆ!”

“ಬಸ್ ಲೇಟಾಯ್ತು ಭಾವ,” ಎಂದುಬಿಟ್ಟೆ.

ಭಾವ ನನ್ನ ಮುಖವನ್ನೊಮ್ಮೆ ನೋಡಿದರು. “ಬಂದ್ಯಲ್ಲ. ಹಿಡ್ಕೊ. ಸೈನ್ ಹಾಕು,” ಎಂದರು. ನಾನು ಚಾರ್ಟಿನಲ್ಲಿ ಸೈನ್ ಹಾಕಿದ ಮೇಲೆಯೇ ಅವರು ಹ್ಯಾಂಡಲ್ ಬಿಟ್ಟು ಓಡಿದ್ದು.

ಅವರು ನಾಲೆ ಏರಿಯಿಂದ ವಾಪಸ್ಸು ಬಂದಾಗ ಹನ್ನೆರಡು ಗಂಟೆ ನಾಲ್ಕು ನಿಮಿಷ. ಎಂಜಿನಿಯರು ವಾಚು ನೋಡಿ, ಕೈ ಕುಲುಕಿ, ಬೇಜಾರು ಮಾಡ್ಕೋಬೇಡಿ ಎಂದರು. ಸರ್ಟಿಫಿಕೇಟು ಕೊಡಲಿಲ್ಲ. ಡಾಕ್ಟರು ಫೈಲು ತೆಗೆಯಲಿಲ್ಲ. ಭಾವ ರಿಟೈರ್ ಆಗುವವರೆಗೂ ಸ್ಟೋರಿನ ಸ್ಟೂಲಿನ ಮೇಲೆ ಕೂತು ಹತ್ತಿ ಕೊಟ್ಟರು. “ಸೈಕಲ್ನ ಗೋಡೆಗೆ ಒರಗಿಸಿ ಓಡೋದಕ್ಕೆ ನಿಮಗೇನಾಗಿತ್ತು?” ಎಂದು ಅಕ್ಕ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ. “ರಿಲೀವರ್ ಬಂದಿರ್ಲಿಲ್ಲ.”

ಇಷ್ಟು ವರ್ಷ ನನ್ನನ್ನು ಕಾಡಿದ್ದು ಇದೇ. ಬುದ್ಧಿಯಿರುವ ಮನುಷ್ಯ ಹಾಗೆ ನಿಲ್ಲುತ್ತಾನೆಯೇ? ಹದಿನೈದು ಕಿಲೋಮೀಟರ್ ಓಡಲು ಹೆದರಿಕೆಯಾಗಿ ನೆಪ ಹೂಡಿದರೇ? ಒಮ್ಮೊಮ್ಮೆ ಅವರ ಹಟದ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಮರುಕ್ಷಣವೇ ಎರಡನೇ ದೋಸೆ ನೆನಪಾಗಿ ಸಿಟ್ಟು ಇಳಿಯುತ್ತಿತ್ತು. ತಪ್ಪು ನಿಂತವರದೋ, ತಿಂದವನದೋ, ಮುಕ್ಕಾಲು ಗಂಟೆ ಸೇರಿಸಿದ ಕೈಯದೋ, ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಭಾವನನ್ನು ಕೇಳುವ ಧೈರ್ಯವಂತೂ ಬರಲಿಲ್ಲ.

“ಮಾಮ, ಕೇಳಿಸ್ಕೊಂಡ್ಯಾ?” ಚಿತ್ರಾ ಎಣ್ಣೆಯ ಸೀಸೆಯ ಮುಚ್ಚಳ ಹಾಕುತ್ತಾ ಕೇಳಿದಳು. ಅವಳಿಗೆ ಬೇಕಾಗಿದ್ದ ಕೆಲಸ ಇಷ್ಟೆ. ಸೈಕಲ್ ಬಿಟ್ಟು ಓಟಕ್ಕೆ ಹೊರಡುವ ಜಾಗದಲ್ಲಿ ನಾನು ನಿಂತಿರಬೇಕು. “ಸೈಕಲ್ ಇಡೋಕೆ ಸ್ಟ್ಯಾಂಡ್ ಇರುತ್ತೆ, ನೀನೇನೂ ಹಿಡ್ಕೋಬೇಕಾಗಿಲ್ಲ. ಆ ಹೊತ್ತಿಗೆ ತಲೆ ಕೆಟ್ಟು ಹೋಗಿರುತ್ತೆ. ಒಂದು ಪರಿಚಯದ ಮುಖ ಕಂಡ್ರೆ ಸಾಕು. ಒಂಬತ್ತೂವರೆಗೆ ಬರ್ತೀನಿ.”

ಆವತ್ತು ಸಂಜೆ ರಾಗಿಗುಡ್ಡಕ್ಕೆ, ಭಾವನ ಮನೆಗೆ ಹೋದೆ. ಅವರು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಗಳ ಸೈಕಲ್ಲಿನ ಚೈನು ಒರೆಸುತ್ತಿದ್ದರು. ಕೂತವನೇ ಹೇಳಿಬಿಟ್ಟೆ.

“ಭಾವ, ಆವತ್ತು ಬಸ್ ಲೇಟಾಗಿರ್ಲಿಲ್ಲ. ನಾನು ದೋಸೆ ತಿಂತಾ ಕೂತಿದ್ದೆ.”

“ಗೊತ್ತು,” ಎಂದರು ಚೈನಿನಿಂದ ಕಣ್ಣೆತ್ತದೆ. “ಮೀಸೆಗೆ ಚಟ್ನಿ ಹತ್ತಿತ್ತು.”

ನಾನು ಮೀಸೆ ಒರೆಸಿಕೊಂಡೆ. “ಮತ್ತೆ ಯಾಕೆ ನಿಂತ್ರಿ? ಬಿಟ್ಟು ಓಡಬಾರದಿತ್ತಾ?”

“ನೀನು ಬರಲ್ಲ ಅಂತ ಅನ್ನಿಸಿದ್ರೆ ಬಿಟ್ಟು ಓಡ್ತಿದ್ದೆ. ನಿನ್ ಹೆಸರು ಬರ್ದಿದ್ಯಲ್ಲ ಮಾರಾಯ, ಬಂದೇ ಬರ್ತೀಯ ಅಂತ ನಿಂತೆ.”

ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾನು ಆ ಮನುಷ್ಯನ ಕಾಲುಗಳನ್ನು ನಂಬದೆ ಮುಕ್ಕಾಲು ಗಂಟೆ ಸೇರಿಸಿದ್ದೆ. ಅವರು ನನ್ನ ಅಕ್ಷರವನ್ನು ನಂಬಿ ಅರ್ಧ ಗಂಟೆ ಬಿಸಿಲಿನಲ್ಲಿ ನಿಂತಿದ್ದರು. ಆಮೇಲೆ ಭಾನುವಾರಕ್ಕೆಂದು ಜೇಬಿನಲ್ಲಿ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು ತೋರಿಸಿದೆ. ಚಿತ್ರಾ ಒಂಬತ್ತೂವರೆ ಎಂದಿದ್ದಳು, ನಾನು ನನ್ನ ಹೆಸರಿನ ಎದುರಿಗೆ ಏಳು ಗಂಟೆ ಎಂದು ಬರೆದಿದ್ದೆ.

ಭಾವ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಕೆಳಗೆ ನನ್ ಹೆಸರೂ ಬರಿ.”

“ನೀವ್ಯಾಕೆ ಭಾವ, ಈ ವಯಸ್ಸಲ್ಲಿ ಬಿಸಿಲಿಗೆ?”

“ಏಳು ಗಂಟೆಗೆ ಹೋಗಿ ನಿಂತ್ರೆ ನಿಂಗೆ ಹಸಿವಾಗುತ್ತೆ,” ಎಂದರು. “ನೀನು ದೋಸೆ ತಿಂದು ಬರೋವರೆಗೆ ಅಲ್ಲಿ ಯಾರಾದ್ರೂ ನಿಂತಿರ್ಬೇಕಲ್ಲ.”

ಬರೆದುಕೊಂಡೆ. ಪಕ್ಕದಲ್ಲಿ ಸೈನಿಗೆ ಜಾಗವನ್ನೂ ಬಿಟ್ಟೆ.