ಮೊಳೆ ಹೊಡೆಯದ ಟೀಚರಮ್ಮ

ನಮ್ಮ ಇಂಗ್ಲಿಷ್ ಟೀಚರಮ್ಮನ ಬೈತಲೆ ಯಾವಾಗಲೂ ಸೊಟ್ಟ. ತಪ್ಪು ಅವರ ಕನ್ನಡಿಯದು. ಅದನ್ನು ಗೋಡೆಗೆ ತೂಗುಹಾಕದೆ ಕಿಟಕಿಯ ಕಟ್ಟೆಯ ಮೇಲೆ ಒರಗಿಸಿಟ್ಟಿದ್ದರು. ಬಗ್ಗಿ, ಕತ್ತು ವಾಲಿಸಿ ತಲೆ ಬಾಚಿಕೊಂಡರೆ ಬೈತಲೆ ನೆಟ್ಟಗೆ ಬಂದೀತು ಹೇಗೆ?

ಕಲ್ಯಾಣದುರ್ಗದಲ್ಲಿ ಅವರ ಬಾಡಿಗೆ ಮನೆ ನಮ್ಮ ಪಕ್ಕದ್ದೇ. ಗೋಡೆಗಳಲ್ಲಿ ಒಂದು ಮೊಳೆಯೂ ಇರಲಿಲ್ಲ. ತೆಲುಗು ಬೆರೆಸಿ ಮಾತಾಡುವ ಮನೆಯೊಡತಿಯೇ ಹೇಳುತ್ತಿದ್ದರು: "ಒಂದು ಮೇಕು ಹೊಡ್ಕಳಿ ಟೀಚರಮ್ಮಾ, ನಾ ಬ್ಯಾಡ ಅಂತೀನಾ?"

"ಯಾಕೆ ಬುಡಕ್ಕ, ನಾನು ಟೆಂಪರರಿ ಅಲ್ವಾ."

ನಾನು ಆರನೇ ಕ್ಲಾಸಿಗೆ ಸೇರಿದಾಗಲೂ ಅದೇ ಮಾತು, ಹತ್ತನೆಯದಕ್ಕೆ ಬಂದಾಗಲೂ ಅದೇ ಮಾತು. ಪ್ರತಿ ಬೇಸಿಗೆಗೆ ಅವರನ್ನು ಕೆಲಸದಿಂದ ಬಿಡಿಸಿ, ಶಾಲೆ ತೆರೆದಾಗ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಕಡೆಯ ದಿನ ಬೀರುವಿನ ಕೀಲಿ, ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ ಒಪ್ಪಿಸಿ ಬರುವರು. ಮನೆಗೆ ಬಂದು ಪಾತ್ರೆಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುವರು. ಜೂನ್‌ನಲ್ಲಿ ಅವೇ ಚೀಲಗಳನ್ನು ಬಿಚ್ಚುವರು.

ಒಮ್ಮೆ ತುಮಕೂರಿನ ಖಾಸಗಿ ಶಾಲೆಯೊಂದು ಕಾಯಂ ಕೆಲಸಕ್ಕೆ ಕರೆಯಿತು. ಅವರ ತವರೂ ಅಲ್ಲೇ. ಚೀಲ ಕಟ್ಟಿ ಬಸ್‌ಸ್ಟ್ಯಾಂಡಿಗೂ ಹೋದರು. ಅಲ್ಲಿ ಯಾರೋ, ಈ ವರ್ಷ ಎಲ್ಲರನ್ನೂ ಪರ್ಮನೆಂಟ್ ಮಾಡುತ್ತಾರಂತೆ ಎಂದರು. ಆಟೋ ಹತ್ತಿ ವಾಪಸ್ಸು ಬಂದುಬಿಟ್ಟರು.

"ನಾನು ಅತ್ಲಾಗೆ ಹೋದ್ಮ್ಯಾಕೆ ಆರ್ಡರ್ ಬಂದ್ಬುಟ್ರೆ ಏನ್ಮಾಡ್ಲಿ ಕಣಮ್ಮ?" ಎಂದು ನನ್ನನ್ನೇ ಕೇಳಿದರು. ಆರ್ಡರ್ ಆ ವರ್ಷವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಹತ್ತನೇ ಕ್ಲಾಸಿನ ಪಾಠದಲ್ಲಿ 'ಟೆಂಪರರಿ' ಎಂಬ ಪದವೇ ಬಂತು. "ಸ್ವಲ್ಪ ಕಾಲ ಮಾತ್ರ ಇರೋದು" ಎಂದು ಅರ್ಥ ಹೇಳಿ, ಸ್ವಂತ ವಾಕ್ಯ ಬರೆಯಲು ಹೇಳಿದರು. ನಾನು ಜಾಣತನ ತೋರಿಸಲು ಹೋಗಿ, ನಮ್ಮ ಟೀಚರ್ ಟೆಂಪರರಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಅವರ ಕೆಂಪು ಪೆನ್ನು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಸರಿ ಗುರುತು ಹಾಕಿ, "ವಾಕ್ಯ ಸರಿಯಾಗೈತೆ ಕಣಮ್ಮ" ಎಂದರು. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೋದ ವರ್ಷ ಅವರು ಅದೇ ಮನೆಯಲ್ಲಿ ತೀರಿಕೊಂಡರು. ನಾನು ಊರಿಗೆ ಹೋದಾಗ ಗೋಡೆಗಳು ಹಾಗೇ ಬೋಳಾಗಿದ್ದವು. ಮನೆಯೊಡತಿ ಕನ್ನಡಿಯನ್ನು ತಂದು, "ನೀನೇ ಇಟ್ಕಳಮ್ಮ" ಎಂದು ನನ್ನ ಕೈಗಿಟ್ಟರು.

ನಾನೀಗ ಹಿಂದೂಪುರದ ಶಾಲೆಯೊಂದರಲ್ಲಿ ಟೀಚರು. ಬೇಸಿಗೆಗೆ ಕೀಲಿ ಒಪ್ಪಿಸುವುದು ನನಗೂ ತಪ್ಪಿಲ್ಲ. ಕನ್ನಡಿ ಹಿಡಿದು ನನ್ನ ಬಾಡಿಗೆ ಕೋಣೆಯಲ್ಲಿ ಜಾಗ ಹುಡುಕಿದೆ. ನಾಲ್ಕು ವರ್ಷದಿಂದ ನಾನೂ ಒಂದು ಮೊಳೆ ಹೊಡೆದಿಲ್ಲ ಎಂಬುದು ಆಗಲೇ ಕಣ್ಣಿಗೆ ಬಿದ್ದಿದ್ದು. ಪಕ್ಕದ ಮನೆಗೆ ಹೋಗಿ ಸುತ್ತಿಗೆ ಕೇಳಿ ತಂದೆ.