ದೂರದ ಕತ್ತರಿ

ದರ್ಜಿ ಅಕ್ಕನ ಅಂಗಡಿಯಲ್ಲಿ ಬೇಕಾದ್ದೊಂದೂ ಕೈಗೆಟುಕದು. ಹೊಲಿಗೆ ಯಂತ್ರ ಕಿಟಕಿಯ ಬಳಿ, ಕತ್ತರಿ ಎದುರು ಗೋಡೆಯ ಮೊಳೆಯಲ್ಲಿ, ದಾರ ಅಟ್ಟದ ಮೇಲೆ, ಕುಡಿಯುವ ನೀರು ಮೆಟ್ಟಿಲಿಳಿದರೆ. ಒಂದು ಗುಂಡಿ ಹಾಕಲು ನಾಲ್ಕು ಸಲ “ಉಸ್ಸಪ್ಪಾ” ಎಂದು ಮಂಡಿ ಹಿಡಿದು ಏಳುತ್ತಾಳೆ. “ಕತ್ತರಿ ಪಕ್ಕದಲ್ಲೇ ಇಟ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ ಅಕ್ಕಾ?” ಎಂದು ಗಿರಾಕಿಗಳು ಛೇಡಿಸಿದರೆ, “ಕೂತೇ ಇರೋರಿಗೆ ಸೊಂಟ ಹೋಗುತ್ತೆ ಕಣ್ರಮ್ಮಾ” ಎನ್ನುತ್ತಾಳೆ. ಮೊನ್ನೆ ಮಗುವಿನ ಅಂಗಿಗೆಂದು ಬಂದಿದ್ದ ತಾಯಿಯೊಬ್ಬಳು ಕನಿಕರಪಟ್ಟು, ತಾನೇ ಕೊಡೋಣವೆಂದು ಕತ್ತರಿ ತೆಗೆದುಕೊಂಡಳು. ಅಷ್ಟರಲ್ಲಿ ಅಕ್ಕ ಅಂಗಡಿಯ ಹಿಂಬದಿಯ ಪರದೆ ಸರಿಸಿ, ನಡೆಯಲಾಗದ ಇಪ್ಪತ್ತರ ಮಗಳನ್ನು ಹಾಸಿಗೆಯಿಂದೆತ್ತಿ ಕುರ್ಚಿಯಲ್ಲಿ ಕೂರಿಸಿದಳು. “ಇವಳು ವರ್ಷವರ್ಷ ಭಾರ ಆಗ್ತಾಳೆ. ಎತ್ತೋಳು ಸೋಲೋ ಹಾಗಿಲ್ಲ ನೋಡು” ಎಂದಳು. ಆ ತಾಯಿ ಕಂಕುಳ ಮಗುವನ್ನು ಬಿಗಿಯಾಗಿ ಹಿಡಿದುಕೊಂಡು, ಕತ್ತರಿಯನ್ನು ಸದ್ದಿಲ್ಲದೆ ಮತ್ತೆ ಮೊಳೆಗೆ ಸಿಕ್ಕಿಸಿದಳು.